ಬೀದಿ ಬೆಕ್ಕಿಗೆ ಏಟಾಗಿದೆ, ಆಸ್ಪತ್ರೆ ಬಿಲ್ ಯಾರು ಕಟ್ಟಬೇಕು?

ಜೂನ್‌ನಲ್ಲಿ ಮಳೆ ಹಿಡಿದುಕೊಂಡರೆ ಸಾಕು, ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬೆಕ್ಕಿನ ಮರಿಗಳ ಫೋಟೊ ಬರುವುದು ಶುರುವಾಗುತ್ತದೆ. ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ಆ ಹೊತ್ತಿಗೆ ತಾಯಿಯನ್ನು ಬಿಟ್ಟು ಓಡಾಡುವಷ್ಟಾಗಿರುತ್ತವೆ. ಬೆಚ್ಚಗಿನ ಜಾಗ ಹುಡುಕಿಕೊಂಡು ಕಾರಿನ ಬಾನೆಟ್ ಒಳಗೆ ಸೇರಿಕೊಳ್ಳುತ್ತವೆ. ಬೆಳಿಗ್ಗೆ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಾರೆ. ನೋಡಿದವರಿಗೆಲ್ಲ ಸಂಕಟವಾಗುತ್ತದೆ, ಯಾರೋ ಒಬ್ಬರು ಮರಿಯನ್ನು ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಾರೆ, ಎರಡು ಗಂಟೆ ಬಿಟ್ಟು ಅವರಿಂದಲೇ ಒಂದು ಮೆಸೇಜ್ ಬರುತ್ತದೆ: 'ಇಪ್ಪತ್ತೈದು ಸಾವಿರದ ಮೇಲೆ ಆಗುತ್ತಂತೆ. ಏನು ಮಾಡೋದು?'

ಹೋದ ವರ್ಷ ಆ ಮೆಸೇಜ್ ಹಾಕಿದ್ದು ನಾನೇ. ಸುಮಾರು ನಾಲ್ಕು ತಿಂಗಳ ಹೆಣ್ಣು ಮರಿ, ಬೂದು ಬಣ್ಣ, ತೂಕ 1.4 ಕಿಲೋ. ಹಿಂದಿನ ಬಲಗಾಲು ನೇತಾಡುತ್ತಿತ್ತು. ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ ಎತ್ತಿಕೊಳ್ಳುವುದು ನನಗೆ ಗೊತ್ತಿತ್ತು. ಆಮೇಲಿನ ಲೆಕ್ಕಾಚಾರ ಏನೂ ಗೊತ್ತಿರಲಿಲ್ಲ. ಈಗ ಒಂದಿಷ್ಟು ಗೊತ್ತಿದೆ. ಈ ಮಳೆಗಾಲದಲ್ಲಿ ಡಬ್ಬ ಹಿಡಿದುಕೊಂಡು ನಿಲ್ಲುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಬೀದಿ ಬೆಕ್ಕಿನ ಖರ್ಚು ಕಾನೂನಿನಲ್ಲಿ ಯಾರದು?

ಯಾರದೂ ಅಲ್ಲ. ಇದು ಮೊದಲು ಗೊತ್ತಿರಬೇಕಾದ ವಿಷಯ. ಸಾಕಿದ ಬೆಕ್ಕಿಗೆ ಮಾಲೀಕರು ಇರುತ್ತಾರೆ, ಬೀದಿ ಬೆಕ್ಕಿಗೆ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಾಣಿಗಳಿಗೆ ಹಿಂಸೆ ಕೊಡಬಾರದು ಅನ್ನುತ್ತದೆ, ಆದರೆ ದಾರಿಯಲ್ಲಿ ಬಿದ್ದ ಬೆಕ್ಕಿಗೆ ನೀವು ಮಾಡಿಸಿದ ಚಿಕಿತ್ಸೆಯ ಹಣವನ್ನು ಯಾರೂ ವಾಪಸ್ ಕೊಡುವುದಿಲ್ಲ. ಅದೇ ಕಾಯ್ದೆಯಡಿ 1962ರಲ್ಲಿ ಶುರುವಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಅನುದಾನ ಕೊಡುತ್ತದೆ ನಿಜ. ಆದರೆ ಅದು ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಗಳಿಗೆ. ನಿಮ್ಮ ಕೈಯಲ್ಲಿರುವ ಬಿಲ್ಲಿಗೆ ಅಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಖಾಸಗಿ ಆಸ್ಪತ್ರೆಗೆ ಹೋದ ಕೂಡಲೇ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ 'ಮಾಲೀಕರ ಹೆಸರು' ಅಂತ ಒಂದು ಜಾಗ ಇರುತ್ತದೆ, ಗಾಬರಿಯಲ್ಲಿ ನಮ್ಮ ಹೆಸರು ಬರೆದು ಸಹಿ ಹಾಕುತ್ತೇವೆ. ಆ ಸಹಿಯಿಂದ ಎರಡು ಕೆಲಸ ಆಗುತ್ತದೆ. ಚಿಕಿತ್ಸೆಗೆ ನೀವು ಒಪ್ಪಿದಂತಾಗುತ್ತದೆ, ಹಣ ಕೊಡುವ ಜವಾಬ್ದಾರಿಯೂ ನಿಮ್ಮ ಮೇಲೆ ಬರುತ್ತದೆ. ಗುಂಪಿನಲ್ಲಿ ಎಷ್ಟೇ ಜನ ಸಹಾಯ ಮಾಡುತ್ತೇವೆ ಅಂದಿರಲಿ, ಆಸ್ಪತ್ರೆಯ ಮಟ್ಟಿಗೆ ಸಹಿ ಹಾಕಿದವರೇ ಗಿರಾಕಿ. ಹಾಗಾಗಿ ಫಾರಂ ಮೇಲೆ 'ಬೀದಿ ಬೆಕ್ಕು, ತಂದವರು ಇಂಥವರು' ಅಂತ ಬರೆಸಿ. ಎಷ್ಟೋ ಕಡೆ ಬೀದಿ ಪ್ರಾಣಿಗಳಿಗೆ ರಿಯಾಯಿತಿ ಇರುತ್ತದೆ, ಕೇಳಿದವರಿಗೆ ಸಿಗುತ್ತದೆ.

ಬಿಲ್ಲಿನಲ್ಲಿ ಏನೇನು ಇರುತ್ತದೆ?

ನನ್ನ ಮರಿಯ ಬಿಲ್ಲನ್ನೇ ಬಿಡಿಸಿ ಇಡುತ್ತೇನೆ. ಇದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಒಂದು ಬಿಲ್ ಅಷ್ಟೇ. ಊರು, ಆಸ್ಪತ್ರೆ, ಪೆಟ್ಟು ಬದಲಾದರೆ ಅಂಕಿಯೂ ಬದಲಾಗುತ್ತದೆ. ಸಾಲುಗಳು ಮಾತ್ರ ಹೆಚ್ಚುಕಡಿಮೆ ಇವೇ ಇರುತ್ತವೆ.

ಡಾಕ್ಟರ್ ನೋಡಿದ್ದಕ್ಕೆ 500. ಎರಡು ಎಕ್ಸ್‌ರೇಗೆ 1,800. ರಕ್ತ ಪರೀಕ್ಷೆಗೆ 1,600. ಮೊದಲ ದಿನದ ಡ್ರಿಪ್, ನೋವಿನ ಇಂಜೆಕ್ಷನ್, ಆಂಟಿಬಯೋಟಿಕ್ ಎಲ್ಲ ಸೇರಿ 1,400. ನಾಲ್ಕು ರಾತ್ರಿ ಅಡ್ಮಿಟ್, ರಾತ್ರಿಗೆ 800ರಂತೆ 3,200. ಕಾಲಿನ ಮೂಳೆಗೆ ಪಿನ್ ಹಾಕುವ ಆಪರೇಷನ್, ಅರಿವಳಿಕೆ ಸೇರಿ 18,000. ಮನೆಗೆ ಕೊಟ್ಟ ಔಷಧಿ ಮತ್ತು ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಕಾಲರ್ 1,250. ಆಮೇಲೆ ಮತ್ತೊಂದು ಎಕ್ಸ್‌ರೇ 900. ಒಟ್ಟು 28,650 ರೂಪಾಯಿ.

ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋಗಿದ್ದು ಕೊನೆಯ ಅಂಕಿಗೆ. ಈಗ ನೋಡಿದರೆ ಅದರೊಳಗೆ ಮೂರು ಬೇರೆ ಬೇರೆ ತೀರ್ಮಾನಗಳು ಕಾಣುತ್ತವೆ. ಜೀವ ಉಳಿಸುವ ಖರ್ಚು ಒಂದು, ಅದು ಡ್ರಿಪ್ ಮತ್ತು ನೋವಿನ ಇಂಜೆಕ್ಷನ್. ಏನಾಗಿದೆ ಅಂತ ಕಂಡುಹಿಡಿಯುವ ಖರ್ಚು ಇನ್ನೊಂದು, ಎಕ್ಸ್‌ರೇ, ರಕ್ತ ಪರೀಕ್ಷೆ. ಸರಿಮಾಡುವ ಖರ್ಚು ಕೊನೆಯದು. ಮೊದಲ ಎರಡು ಸೇರಿದರೂ, ಡಾಕ್ಟರ್ ಫೀ ಸಮೇತ, ಆಗಿದ್ದು 5,300. ಉಳಿದ ಇಪ್ಪತ್ಮೂರು ಸಾವಿರದಷ್ಟು ಮೂರನೆಯದಕ್ಕೆ. ಮತ್ತು ಆ ಮೂರನೆಯದನ್ನು ಅದೇ ದಿನ, ಅದೇ ಜಾಗದಲ್ಲಿ ತೀರ್ಮಾನಿಸಬೇಕಾದ ಅಗತ್ಯ ಬಹಳ ಸಲ ಇರುವುದಿಲ್ಲ.

ತೆರಿಗೆ ಬಗ್ಗೆ ಒಂದು ಮಾತು. ಪಶುವೈದ್ಯ ಕ್ಲಿನಿಕ್ಕಿನ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಔಷಧಿ, ಬೆಕ್ಕಿನ ಆಹಾರ ಇವುಗಳ ಬೆಲೆಯಲ್ಲಿ ಇರುತ್ತದೆ.

ಅಂಗೈ ಅಗಲದ ಜೀವಕ್ಕೆ ಇಷ್ಟೊಂದು ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೇ. ಬೆಕ್ಕು ಚಿಕ್ಕದು ಅಂದಮಾತ್ರಕ್ಕೆ ಕೆಲಸ ಚಿಕ್ಕದಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಒಂದು ಕಿಲೋ ತೂಕದ ಮರಿಯ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 60 ಮಿಲಿ. ದರ್ಶಿನಿಯಲ್ಲಿ ಕೊಡುವ ಒಂದು ಲೋಟ ಕಾಫಿಗಿಂತ ಕಡಿಮೆ. ನಮಗೆ ನಾಲ್ಕು ಚಮಚ ರಕ್ತ ಹೋದರೆ ಗೊತ್ತೂ ಆಗುವುದಿಲ್ಲ, ಆ ಮರಿಗೆ ಅಷ್ಟು ಹೋದರೆ ಜೀವಕ್ಕೇ ಅಪಾಯ. ಡ್ರಿಪ್ ಸ್ವಲ್ಪ ಜೋರಾಗಿ ಹರಿದರೂ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು, ಆದ್ದರಿಂದ ಹನಿ ಲೆಕ್ಕದಲ್ಲಿ ಕೊಡಬೇಕು, ಪಕ್ಕದಲ್ಲಿ ಒಬ್ಬರು ನೋಡುತ್ತಿರಬೇಕು. ಆ ಒಬ್ಬರ ಸಂಬಳವೂ ಬಿಲ್ಲಿನಲ್ಲಿದೆ.

ಎಕ್ಸ್‌ರೇ ತೆಗೆದುಕೊಳ್ಳಿ. ನಮಗೆ 'ಅಲುಗಾಡಬೇಡಿ, ಉಸಿರು ಹಿಡಿದುಕೊಳ್ಳಿ' ಅಂದರೆ ಹಿಡಿದುಕೊಳ್ಳುತ್ತೇವೆ. ನೋವಿನಲ್ಲಿರುವ ಬೆಕ್ಕಿಗೆ ಹಾಗೆ ಹೇಳಲಾಗುತ್ತದೆಯೇ? ಕೆಲವು ಸಲ ಎಕ್ಸ್‌ರೇಗೂ ಮಂಪರು ಬರಿಸುವ ಇಂಜೆಕ್ಷನ್ ಬೇಕು. ಮಂಪರು ಬರಿಸುವ ಮೊದಲು ಕಿಡ್ನಿ, ಲಿವರ್ ಸರಿಯಿದೆಯೇ ಅಂತ ರಕ್ತ ಪರೀಕ್ಷೆ ಮಾಡಿಸುವುದು ಅದಕ್ಕೇ. ಒಂದು ಸಾಲು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ.

ಮೂಳೆಯ ಆಪರೇಷನ್ ಅಂತೂ ಬೇರೆಯೇ ಕೆಲಸ. ನನ್ನ ಮರಿಯ ಎಕ್ಸ್‌ರೇಯನ್ನು ಡಾಕ್ಟರ್ ಬೆಳಕಿಗೆ ಹಿಡಿದು ತೋರಿಸಿದರು. ತೊಡೆಯ ಮೂಳೆ ಒಂದು ಪೆನ್ಸಿಲ್ಲಿನಷ್ಟೂ ದಪ್ಪ ಇರಲಿಲ್ಲ, ಮುರಿದ ಎರಡು ತುದಿಗಳು ಒಂದರ ಪಕ್ಕ ಒಂದು ಜಾರಿ ನಿಂತಿದ್ದವು. ಅದರ ಒಳಗಿನ ಟೊಳ್ಳಿನಲ್ಲಿ ಉಕ್ಕಿನ ಸಣ್ಣ ಪಿನ್ ನೇರವಾಗಿ ಇಳಿಸಬೇಕು. ಅರಿವಳಿಕೆ ಕೊಡುವವರು ಒಬ್ಬರು, ಕೈಹಾಕುವವರು ಒಬ್ಬರು, ಉಸಿರು ಮತ್ತು ಎದೆಬಡಿತ ನೋಡುವ ಯಂತ್ರ, ಆಪರೇಷನ್ ಮುಗಿದ ಮೇಲೆ ಮೈ ಬೆಚ್ಚಗಿಡುವ ವ್ಯವಸ್ಥೆ. ಮನುಷ್ಯರ ಆಸ್ಪತ್ರೆಯಲ್ಲಿ ಇದೇ ಖರ್ಚಿನ ಒಂದು ಭಾಗವನ್ನು ಸರ್ಕಾರದ ಯೋಜನೆಯೋ ಇನ್ಶೂರೆನ್ಸೋ ಹೊರುತ್ತದೆ, ನಮ್ಮ ಕಣ್ಣಿಗೆ ಪೂರ್ತಿ ಮೊತ್ತ ಬೀಳುವುದಿಲ್ಲ. ಇಲ್ಲಿ ಹೊರುವವರು ಇಲ್ಲ.

ಎಸ್ಟಿಮೇಟ್ ಕೇಳುವುದು ಹೇಗೆ?

ಬೈಕು ಗ್ಯಾರೇಜಿಗೆ ಬಿಟ್ಟಾಗ ಏನು ಮಾಡುತ್ತೇವೆ? 'ಬಿಚ್ಚಿ ನೋಡಿ, ಎಷ್ಟಾಗುತ್ತೆ ಅಂತ ಫೋನ್ ಮಾಡಿ, ಆಮೇಲೆ ಕೈ ಹಾಕಿ' ಅನ್ನುತ್ತೇವೆ. ಅದೇ ಮಾತನ್ನು ಆಸ್ಪತ್ರೆಯಲ್ಲಿ ಹೇಳಲು ನಾಲಿಗೆ ಏಳುವುದಿಲ್ಲ. ಜೀವದ ಮುಂದೆ ದುಡ್ಡಿನ ಮಾತಾಡಿದರೆ ಕಲ್ಲು ಮನಸ್ಸಿನವರು ಅಂದುಕೊಳ್ಳುತ್ತಾರೇನೋ ಅನ್ನುವ ಸಂಕೋಚ. ನನಗೂ ಇತ್ತು. ಮೊದಲು ಹೋದ ಕಡೆ 15,000 ಅಡ್ವಾನ್ಸ್ ಕಟ್ಟಿ ಅಂದರು, ಯಾವುದಕ್ಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ಡ್ ತೆಗೆಯುವಾಗ ಕೈ ನಡುಗುತ್ತಿತ್ತು. ಆಮೇಲೆ ಡಬ್ಬ ಎತ್ತಿಕೊಂಡು ಹೊರಗೆ ಬಂದು ಬೇರೆ ಕಡೆ ಹೋದೆ.

ಎರಡನೇ ಕಡೆಯ ಡಾಕ್ಟರಮ್ಮ ನಾನು ಕೇಳುವ ಮೊದಲೇ ಹೇಳಿದರು. 'ಈಗ ನೋವು ಕಮ್ಮಿ ಮಾಡ್ತೀವಿ, ಮೈ ಬೆಚ್ಚಗೆ ಮಾಡ್ತೀವಿ. ಎಕ್ಸ್‌ರೇ ನಾಳೆ. ಇವತ್ತಿಗೆ ಎರಡು ಸಾವಿರದ ಒಳಗೆ ಆಗುತ್ತೆ. ಆಪರೇಷನ್ ಮಾತು ನಾಳೆ ಆಡೋಣ.' ನನಗೆ ಅವತ್ತು ಬೇಕಾಗಿದ್ದು ಇದೇ.

ಹಂತ ಹಂತವಾಗಿ ಕೇಳಿ. ಈಗ ಈ ಗಂಟೆಯಲ್ಲಿ ಏನು ಮಾಡಲೇಬೇಕು, ಅದಕ್ಕೆ ಎಷ್ಟು? ಪರೀಕ್ಷೆಗಳಲ್ಲಿ ಯಾವುದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆ, ಯಾವುದು ಇಲ್ಲದಿದ್ದರೂ ನಡೆಯುತ್ತದೆ? ಆಪರೇಷನ್ ಎಷ್ಟು ದಿನ ಕಾಯಬಹುದು? ಇದಕ್ಕಿಂತ ಕಡಿಮೆ ಖರ್ಚಿನ ಬೇರೆ ದಾರಿ ಇದೆಯೇ, ಇದ್ದರೆ ಅದರಲ್ಲಿ ಏನು ಕಳೆದುಕೊಳ್ಳುತ್ತೇವೆ? ಈ ಕೊನೆಯ ಪ್ರಶ್ನೆ ತುಂಬ ಮುಖ್ಯ. ಸೊಂಟದ ಮೂಳೆ ಮುರಿದ ಎಷ್ಟೋ ಬೆಕ್ಕುಗಳು ಆಪರೇಷನ್ ಇಲ್ಲದೆ, ನಾಲ್ಕರಿಂದ ಆರು ವಾರ ಬೋನಿನಲ್ಲಿ ಅಲುಗಾಡದಂತೆ ಇಟ್ಟರೆ ಸರಿಹೋಗುತ್ತವೆ. ಎಲ್ಲವೂ ಅಲ್ಲ, ಅದನ್ನು ಎಕ್ಸ್‌ರೇ ನೋಡಿ ಡಾಕ್ಟರೇ ಹೇಳಬೇಕು. ಕಾಲು ಪುಡಿಪುಡಿಯಾಗಿದ್ದರೆ ತೆಗೆದುಹಾಕುವುದು ಪ್ಲೇಟ್ ಹಾಕಿ ಜೋಡಿಸುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ ಖರ್ಚು. ಮೂರು ಕಾಲಿನ ಬೆಕ್ಕು ಓಡುತ್ತದೆ, ಹತ್ತುತ್ತದೆ, ಇಲಿಯನ್ನೂ ಹಿಡಿಯುತ್ತದೆ.

ಔಷಧಿಯಲ್ಲೂ ಸ್ವಲ್ಪ ಉಳಿಸಬಹುದು. ಬೆಕ್ಕಿಗೆ ಬರೆಯುವ ಎಷ್ಟೋ ಔಷಧಿಗಳು ಮನುಷ್ಯರ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತವೆ. ಚೀಟಿ ಬರೆಸಿಕೊಂಡು, ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಇದೆಯೇ ವಿಚಾರಿಸಿ. ಪ್ರಮಾಣ ಮಾತ್ರ ಡಾಕ್ಟರ್ ಬರೆದಷ್ಟೇ, ಒಂದು ಹನಿ ಆಚೀಚೆ ಮಾಡಬೇಡಿ.

ಕಡಿಮೆ ಖರ್ಚಿನಲ್ಲಿ ಎಲ್ಲಿ ಆಗುತ್ತದೆ?

ಸರ್ಕಾರಿ ಪಶು ಆಸ್ಪತ್ರೆ ತಾಲ್ಲೂಕಿಗೆ ತಾಲ್ಲೂಕಿಗೆ ಇದೆ. ಅವು ಮುಖ್ಯವಾಗಿ ದನ, ಎಮ್ಮೆ, ಕುರಿಗಳಿಗಾಗಿ ಕಟ್ಟಿದವು. ಡಾಕ್ಟರ್ ನುರಿತವರೇ ಆದರೂ ಒಂದು ಕಿಲೋ ಮರಿಗೆ ಬೇಕಾದ ಅರಿವಳಿಕೆ ಯಂತ್ರವೋ ಎಕ್ಸ್‌ರೇಯೋ ಅಲ್ಲಿ ಇರಬೇಕೆಂದಿಲ್ಲ. ಆದರೆ ಗಾಯ ತೊಳೆಯುವುದು, ಹುಳ ಬಿದ್ದ ಗಾಯದಿಂದ ಹುಳ ತೆಗೆಯುವುದು, ಇಂಜೆಕ್ಷನ್, ಜಂತಿನ ಔಷಧಿ, ಇದಕ್ಕೆಲ್ಲ ಹತ್ತಿರದ ಪಶು ಆಸ್ಪತ್ರೆ ಸಾಕಾಗುತ್ತದೆ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿರುವ ಸರ್ಕಾರಿ ಪಶು ಆಸ್ಪತ್ರೆಗೆ ನಾಯಿ, ಬೆಕ್ಕು ತರುವವರು ಬಹಳ ಜನ.

ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳು ಇನ್ನೊಂದು ದಾರಿ, ನನ್ನ ಪ್ರಕಾರ ಬಹಳ ಜನ ಮರೆಯುವ ದಾರಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಈ ಊರುಗಳಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ವಿಕ್ಟೋರಿಯಾದಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋದ ಅನುಭವ ಇದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚೀಟಿ ಮಾಡಿಸಬೇಕು, ಸಾಲಿನಲ್ಲಿ ಕೂರಬೇಕು, ಸುತ್ತ ವಿದ್ಯಾರ್ಥಿಗಳಿರುತ್ತಾರೆ, ಪ್ರೊಫೆಸರ್ ಬಂದು ನೋಡುತ್ತಾರೆ. ಖರ್ಚು ಖಾಸಗಿಗಿಂತ ಕಡಿಮೆ. ಸಮಯ ಜಾಸ್ತಿ ಹಿಡಿಯುತ್ತದೆ, ಮತ್ತು ಆಪರೇಷನ್ ಆದಮೇಲೆ ರಾತ್ರಿ ಅಲ್ಲೇ ಇಟ್ಟುಕೊಳ್ಳುತ್ತಾರೆಯೇ ಅಂತ ಮೊದಲೇ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಆ ರಾತ್ರಿಯ ಆರೈಕೆ ನಿಮ್ಮ ಮನೆಯಲ್ಲೇ. ಹೊರಡುವ ಮೊದಲು ಫೋನ್ ಮಾಡಿ ಹೊರರೋಗಿ ವಿಭಾಗದ ಸಮಯ ತಿಳಿದುಕೊಳ್ಳಿ.

1962 ಅನ್ನುವ ಸಹಾಯವಾಣಿ ಇದೆ, ಅಂಬುಲೆನ್ಸ್ ಮನೆ ಬಾಗಿಲಿಗೆ ಬರುತ್ತದೆ ಅಂತ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಅದು ಪಶು ಸಂಜೀವಿನಿ ಯೋಜನೆಯದು, ರೈತರ ಜಾನುವಾರುಗಳಿಗಾಗಿ ಇರುವುದು. ಕೇಳಿನೋಡುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನೇ ನಂಬಿ ಮರಿಯನ್ನು ಇಟ್ಟುಕೊಂಡು ಕೂರಬೇಡಿ.

ಪ್ರಾಣಿಗಳಿಗಾಗಿ ಕೆಲಸ ಮಾಡುವ ಸಂಸ್ಥೆಗಳೂ ಇವೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ, ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್. ಇಂಥ ಕಡೆ ಜಾಗ ಯಾವಾಗಲೂ ಸಾಲದು. 'ಬೆಕ್ಕನ್ನು ಕರೆದುಕೊಂಡು ಹೋಗಿ' ಅಂದರೆ ಆಗುವುದಿಲ್ಲ ಅನ್ನಬಹುದು. 'ಚಿಕಿತ್ಸೆ ಎಲ್ಲಿ ಕಡಿಮೆಯಲ್ಲಿ ಆಗುತ್ತದೆ ಹೇಳಿ, ವಾಸಿಯಾದ ಮೇಲೆ ನಾನೇ ಇಟ್ಟುಕೊಳ್ಳುತ್ತೇನೆ' ಅಂದರೆ ಹೆಚ್ಚು ಸಹಾಯ ಸಿಗುತ್ತದೆ. ಅವರಿಗೆ ಬೋನಿನ ಜಾಗ ಎಲ್ಲಕ್ಕಿಂತ ದುಬಾರಿ.

ನಾಲ್ಕು ಜನರ ಹತ್ತಿರ ದುಡ್ಡು ಕೂಡಿಸುವುದು

ಆಸ್ಪತ್ರೆಯವರು ಬೀದಿ ಬೆಕ್ಕು ಅಂತ ಆಪರೇಷನ್ನಿನಲ್ಲಿ 3,000 ಬಿಟ್ಟರು. ಉಳಿದಿದ್ದು 25,650. ಅದರಲ್ಲಿ ಬಡಾವಣೆಯವರು ಕೊಟ್ಟಿದ್ದು 12,400, ಆಫೀಸಿನ ಸ್ನೇಹಿತರು 4,000, ನಾನು 9,250. ಮೂರನೇ ಮನೆಯ ಅಜ್ಜಿ ಸೆರಗಿನ ಗಂಟಿನಿಂದ ಎರಡು ನೂರರ ನೋಟು ತೆಗೆದು ಕೊಟ್ಟರು. ಆ ಅಜ್ಜಿಗೆ ಯುಪಿಐ ಇಲ್ಲ, ವಾಟ್ಸಾಪೂ ಇಲ್ಲ, ಮೊಮ್ಮಗಳು ಹೇಳಿದ್ದಳಂತೆ.

ಕೇಳುವಾಗ ಒಂದು ವ್ಯವಸ್ಥೆ ಇರಲಿ. ಮೊದಲು ಎಸ್ಟಿಮೇಟಿನ ಫೋಟೊ ಹಾಕಿ. ಆಮೇಲೆ ಹಣ ನಿಮ್ಮ ಖಾತೆಗೆ ಬೇಡ, ಸಾಧ್ಯವಾದರೆ ನೇರವಾಗಿ ಆಸ್ಪತ್ರೆಯ ಕ್ಯೂಆರ್ ಕೋಡಿಗೆ ಹಾಕಿಸಿ, ಕಳಿಸಿದವರು ಸ್ಕ್ರೀನ್‌ಶಾಟ್ ಹಾಕಲಿ. ಇದರಿಂದ ಕೊಡುವವರಿಗೆ ನಂಬಿಕೆ ಬರುತ್ತದೆ, ನಿಮಗೂ ಲೆಕ್ಕದ ತಲೆನೋವಿಲ್ಲ. ತೆರಿಗೆಯ ಕಾರಣವೂ ಇದೆ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000ಕ್ಕಿಂತ ಹೆಚ್ಚು ಹಣ ಸುಮ್ನೆ ಬಂದರೆ ಅದನ್ನು ಆದಾಯ ಅಂತ ಲೆಕ್ಕ ಹಿಡಿಯುವ ನಿಯಮ ಇದೆ. ಒಂದು ಬೆಕ್ಕಿಗೆ ಅಷ್ಟಾಗಲಿಕ್ಕಿಲ್ಲ, ಆದರೆ ವರ್ಷವಿಡೀ ಇದೇ ಕೆಲಸ ಮಾಡುವವರ ಖಾತೆಯಲ್ಲಿ ಬೇಗ ಆಗಿಬಿಡುತ್ತದೆ. ಎಲ್ಲ ಬಿಲ್ ಜೋಪಾನ ಮಾಡಿ.

ದೊಡ್ಡ ಮೊತ್ತಕ್ಕೆ ಮಿಲಾಪ್, ಕೆಟ್ಟೊ ಥರದ ತಾಣಗಳಲ್ಲಿ ಮನವಿ ಹಾಕುವವರಿದ್ದಾರೆ. ಹಾಕುವ ಮೊದಲು ಅವರು ಎಷ್ಟು ಹಿಡಿದುಕೊಳ್ಳುತ್ತಾರೆ, ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಅನ್ನುವುದನ್ನು ಓದಿ. ಆಸ್ಪತ್ರೆಗೆ ನಾಳೆಯೇ ಕಟ್ಟಬೇಕಿದ್ದರೆ ಮುಂದಿನ ವಾರ ಬರುವ ಹಣ ಸಹಾಯಕ್ಕೆ ಬರುವುದಿಲ್ಲ.

ಎಲ್ಲರೂ 80ಜಿ ಅಂತ ಕರೆಯುವ ತೆರಿಗೆ ವಿನಾಯಿತಿಯ ಬಗ್ಗೆಯೂ ಕೇಳುತ್ತಾರೆ. ನಿಮ್ಮ ಕೈಗೆ ಅಥವಾ ಆಸ್ಪತ್ರೆಗೆ ಕೊಟ್ಟ ಹಣಕ್ಕೆ ಅದು ಸಿಗುವುದಿಲ್ಲ. ಆ ಅನುಮತಿ ಇರುವ ಸಂಸ್ಥೆಗೆ ಕೊಟ್ಟು ರಸೀದಿ ಪಡೆದರೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. ನಗದಾಗಿ 2,000ಕ್ಕಿಂತ ಹೆಚ್ಚು ಕೊಟ್ಟರೆ ಅದಕ್ಕೆ ಇಲ್ಲ.

ಇನ್ಶೂರೆನ್ಸ್ ಇಲ್ಲವೇ?

ಸಾಕುಪ್ರಾಣಿ ವಿಮೆ ನಮ್ಮಲ್ಲೂ ಬಂದಿದೆ, ಬೆಕ್ಕಿಗೂ ಇದೆ. ಆದರೆ ಏಟು ಬಿದ್ದ ಮೇಲೆ ಮಾಡಿಸಿದರೆ ಆ ಏಟಿಗೆ ಹಣ ಬರುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬೆಂಕಿ ವಿಮೆ ಮಾಡಿಸಿದ ಹಾಗೆ. ವಾಸಿಯಾಗಿ ನಿಮ್ಮ ಮನೆಯಲ್ಲೇ ಉಳಿದರೆ ಮುಂದಿನ ಕಾಯಿಲೆಗಳಿಗೆ ಮಾಡಿಸಬಹುದು. ವಯಸ್ಸಿನ ಮಿತಿ, ಮೊದಲ ಕೆಲವು ದಿನ ಹಣ ಸಿಗದ ಅವಧಿ ಇವನ್ನು ಓದಿಕೊಳ್ಳಿ.

ಗಾಯವಿಲ್ಲ, ಕಾಯಿಲೆ ಇದ್ದರೆ?

ಆಗ ಲೆಕ್ಕವೇ ಬೇರೆ. ಮುರಿದ ಕಾಲಿಗೆ ಒಂದು ದೊಡ್ಡ ಮೊತ್ತ, ಅಲ್ಲಿಗೆ ಬಹುಪಾಲು ಮುಗಿಯಿತು. ಕಾಯಿಲೆಗೆ ದಿನದ ಬಾಡಿಗೆ ಥರ.

ಮರಿಗಳನ್ನು ಹೆಚ್ಚು ಕೊಲ್ಲುವ ಕಾಯಿಲೆಗಳಲ್ಲಿ ಒಂದು ಪ್ಯಾನ್‌ಲ್ಯೂಕೋಪೀನಿಯಾ. ನಾಯಿಮರಿಗಳಿಗೆ ಬರುವ ಪಾರ್ವೋ ವೈರಸ್ಸಿನ ಹತ್ತಿರದ ನೆಂಟ. ವಾಂತಿ, ಭೇದಿ, ಜ್ವರ, ಮೈಯಲ್ಲಿ ಬಿಳಿ ರಕ್ತಕಣಗಳು ಖಾಲಿಯಾಗುತ್ತಾ ಹೋಗುತ್ತವೆ. ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಔಷಧಿ, ಬೇರೆ ಸೋಂಕು ತಗುಲದಂತೆ ಆಂಟಿಬಯೋಟಿಕ್ ಕೊಟ್ಟು ಮರಿಯ ಮೈಯೇ ಹೋರಾಡುವವರೆಗೆ ಹಿಡಿದು ನಿಲ್ಲಿಸಬೇಕು. ಅದಕ್ಕೆ ಹಲವು ದಿನ ಬೇಕು, ದಿನಕ್ಕೆ ಇಷ್ಟು ಅಂತ ಬಿಲ್ ಏರುತ್ತದೆ. ಆದ್ದರಿಂದ ಒಟ್ಟು ಎಷ್ಟು ಅಂತ ಕೇಳಿದರೆ ಡಾಕ್ಟರಿಗೂ ಹೇಳಲಾಗುವುದಿಲ್ಲ, ದಿನಕ್ಕೆ ಎಷ್ಟು ಅಂತ ಕೇಳಿ. ಈ ವೈರಸ್ ಮನೆಯ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಹೊಸ ಮರಿಯನ್ನು ಬೇರೆ ಕೋಣೆಯಲ್ಲೇ ಇಡಿ, ನೆಲ ಒರೆಸಲು ಬ್ಲೀಚ್ ನೀರು ಬಳಸಿ, ಚೆನ್ನಾಗಿ ಒಣಗಿದ ಮೇಲೆ ಒಳಗೆ ಬಿಡಿ.

ಎಫ್‌ಐಪಿ ಅನ್ನುವುದು ಇನ್ನೊಂದು. ಬೆಕ್ಕುಗಳಲ್ಲಿ ಸಾಮಾನ್ಯವಾಗಿರುವ ಕೊರೊನಾ ವೈರಸ್ ಕೆಲವು ಬೆಕ್ಕುಗಳ ಮೈಯೊಳಗೆ ರೂಪ ಬದಲಿಸಿ ಹೊಟ್ಟೆಯಲ್ಲೋ ಎದೆಯಲ್ಲೋ ನೀರು ತುಂಬಿಸುತ್ತದೆ. ಇದು ಮನುಷ್ಯರ ಕೋವಿಡ್ ಅಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ಇದು ಬಂದರೆ ಸಾವೇ ಗತಿ ಅನ್ನುತ್ತಿದ್ದರು. 2019ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್ ತಂಡ ಜಿಎಸ್-441524 ಅನ್ನುವ ಔಷಧಿಯನ್ನು 31 ಬೆಕ್ಕುಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿತು, ಅವುಗಳಲ್ಲಿ ಹೆಚ್ಚಿನವು ಉಳಿದವು. ಅಲ್ಲಿಂದ 84 ದಿನದ ಚಿಕಿತ್ಸೆ ರೂಢಿಗೆ ಬಂತು. ತೂಕದ ಮೇಲೆ ಔಷಧಿ, ಮರಿ ಚೇತರಿಸಿಕೊಂಡು ತೂಕ ಏರಿದಂತೆ ಖರ್ಚೂ ಏರುತ್ತದೆ. ಶುರುಮಾಡುವ ಮೊದಲು ಅಷ್ಟೂ ದಿನದ ಹಣ ಎಲ್ಲಿಂದ ಅಂತ ಯೋಚಿಸಿಕೊಳ್ಳಬೇಕಾದ ಚಿಕಿತ್ಸೆ ಇದು.

ಬಿಲ್ ದೊಡ್ಡದಾಗುವುದು ಮನೆಯಲ್ಲಿ

ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪುಗಳೇ ಬಹಳ ಸಲ ಖರ್ಚು ಹೆಚ್ಚಿಸುತ್ತವೆ, ಜೀವವನ್ನೂ ತೆಗೆಯುತ್ತವೆ. ಎಲ್ಲಕ್ಕಿಂತ ಮೊದಲು, ಪ್ಯಾರಾಸಿಟಮಾಲ್ ಕೊಡಬೇಡಿ. ಕಾಲು ಮಾತ್ರೆಯೂ ಬೇಡ, ಮಕ್ಕಳ ಸಿರಪ್ಪೂ ಬೇಡ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಡೆಟಾಲ್, ಫಿನಾಯಿಲ್ ಗಾಯಕ್ಕೆ ಹಾಕಬೇಡಿ, ಬೆಕ್ಕು ನೆಕ್ಕಿಕೊಳ್ಳುತ್ತದೆ, ಅದೂ ವಿಷವೇ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಲೈನ್ ನೀರಿನಲ್ಲಿ ತೊಳೆದರೆ ಸಾಕು. ನಾಯಿಯ ಮೈಗೆ ಹತ್ತುವ ಉಣ್ಣಿ ಹುಳಕ್ಕೆ ಹಾಕುವ ಔಷಧಿಗಳಲ್ಲಿ ಕೆಲವು ಬೆಕ್ಕಿಗೆ ಪ್ರಾಣಾಪಾಯ.

ತಣ್ಣಗಾದ ಎಳೆಯ ಮರಿಗೆ ತಕ್ಷಣ ಹಾಲು ಕುಡಿಸಬಾರದು. ಮೊದಲು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಮೈ ಬೆಚ್ಚಗೆ ಮಾಡಿ. ಮೈ ತಣ್ಣಗಿದ್ದಾಗ ಹೊಟ್ಟೆ ಕೆಲಸ ಮಾಡುವುದಿಲ್ಲ. ಹಸುವಿನ ಹಾಲಿನಿಂದ ಭೇದಿ ಆಗುತ್ತದೆ, ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ಅಥವಾ ಗಂಡು ಬೆಕ್ಕು ಪದೇ ಪದೇ ಕೂತು ತಿಣುಕಿದರೂ ಮೂತ್ರ ಬರದಿದ್ದರೆ, ಖರ್ಚಿನ ಮಾತು ಆಮೇಲೆ, ಹತ್ತಿರದ ಯಾವುದಾದರೂ ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ನೋವಿನಲ್ಲಿರುವ ಬೆಕ್ಕು ಕಚ್ಚುತ್ತದೆ, ಪರಚುತ್ತದೆ. ಕಚ್ಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತದೆ.

ಉಳಿಸಲಾಗದು ಅಂತ ಡಾಕ್ಟರ್ ಹೇಳಿದರೆ

ಬೆನ್ನುಹುರಿ ಕತ್ತರಿಸಿದ, ಒಳಗೆಲ್ಲ ಹರಿದುಹೋದ ಬೆಕ್ಕುಗಳು ಬರುತ್ತವೆ. ಆಗ ಡಾಕ್ಟರ್ ದಯಾಮರಣದ ಮಾತು ಎತ್ತಬಹುದು. ಅರಿವಳಿಕೆಯ ಔಷಧಿಯನ್ನೇ ಹೆಚ್ಚು ಪ್ರಮಾಣದಲ್ಲಿ ಕೊಡುತ್ತಾರೆ, ನಿದ್ದೆ ಬಂದು ಆಮೇಲೆ ಉಸಿರು ನಿಲ್ಲುತ್ತದೆ, ನೋವಿಲ್ಲ. ಒಪ್ಪುವ ಮೊದಲು ಕೇಳಬೇಕಾದ್ದು ಒಂದೇ: ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಮೇಲೆ ಈ ಬೆಕ್ಕು ಹೇಗಿರುತ್ತದೆ? ನಡೆಯುತ್ತದೆಯೇ, ತಾನೇ ತಿನ್ನುತ್ತದೆಯೇ, ಮೂತ್ರ ಮಾಡುತ್ತದೆಯೇ? ಹಣವಿಲ್ಲ ಅನ್ನುವ ಕಾರಣಕ್ಕೆ ಈ ಮಾತು ಬಂದಿದ್ದರೆ, ಹಾಗಂತ ಬಾಯಿಬಿಟ್ಟು ಹೇಳಿ. ಕಾಲು ತೆಗೆಯುವುದೋ ಕಾಲೇಜು ಆಸ್ಪತ್ರೆಗೆ ಕಳಿಸುವುದೋ, ಬೇರೆ ದಾರಿ ಇದ್ದರೆ ಆಗ ಅವರೇ ಹೇಳುತ್ತಾರೆ.

ಡಿಸ್ಚಾರ್ಜ್ ಆದಮೇಲೆ

ಆಸ್ಪತ್ರೆಯ ಬಿಲ್ಲಿನಲ್ಲಿ ಬರದ ಖರ್ಚು ಇಲ್ಲಿ ಶುರು. ಒಂದು ಬೋನು, ಕೆಳಗೆ ಹಾಸಲು ಹಳೆ ಬಟ್ಟೆ, ಮರಳಿನ ತಟ್ಟೆ, ಆಹಾರ. ಜಂತಿನ ಔಷಧಿ. ಪ್ಯಾನ್‌ಲ್ಯೂಕೋಪೀನಿಯಾ ಮತ್ತು ಎರಡು ಬಗೆಯ ಶೀತದ ವೈರಸ್, ಈ ಮೂರನ್ನೂ ಒಟ್ಟಿಗೆ ತಡೆಯುವ ಲಸಿಕೆ, ಮರಿಗಳಿಗೆ ಆರರಿಂದ ಎಂಟು ವಾರದ ವಯಸ್ಸಿನಿಂದ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ. ರೇಬಿಸ್ ಲಸಿಕೆ ಮೂರು ತಿಂಗಳ ಮೇಲೆ. ಇವಕ್ಕೆಲ್ಲ ಚಿಕಿತ್ಸೆಯ ಹಣ ಕೂಡಿಸುವಾಗಲೇ ಒಂದಿಷ್ಟು ಎತ್ತಿಡಿ, ಬೆಕ್ಕು ಮನೆಗೆ ಬಂದ ಮೇಲೆ ಗುಂಪಿನಲ್ಲಿ ಮತ್ತೆ ಕೇಳುವುದು ಕಷ್ಟ.

ಸಂತಾನಹರಣ ಚಿಕಿತ್ಸೆಯೂ ಆಗಬೇಕು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಲ್ಲದು, ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಗಂಡಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಹಾಗಾಗಿ ಖರ್ಚು ಕಡಿಮೆ. ಹೆಣ್ಣಿಗೆ ಹೊಟ್ಟೆಯೊಳಗಿನ ಆಪರೇಷನ್, ಖರ್ಚು ಜಾಸ್ತಿ.

ನನ್ನ ಮರಿಯ ಕಾಲಿನ ಪಿನ್ ಮೂಳೆ ಕೂಡಿಕೊಂಡ ಮೇಲೆ ತೆಗೆಯಬೇಕಿತ್ತು. 28,650ರ ಬಿಲ್ಲಿನಲ್ಲಿ ಅದು ಸೇರಿರಲಿಲ್ಲ, ನಾನು ಕೇಳಿರಲೂ ಇಲ್ಲ. ಎಂಟನೇ ವಾರ ಎಕ್ಸ್‌ರೇ ನೋಡಿ ಡಾಕ್ಟರಮ್ಮ ಹೇಳಿದರು, 'ಪಿನ್ ತೆಗೆಯೋಕೆ ಹೇಗೂ ಅರಿವಳಿಕೆ ಕೊಡ್ತೀವಿ. ತೂಕ ಎರಡು ಕಿಲೋ ದಾಟಿದೆ, ಅವತ್ತೇ ಸಂತಾನಹರಣವೂ ಮಾಡಿಬಿಡೋಣ. ಒಂದು ಸಲದ ಅರಿವಳಿಕೆ ಖರ್ಚು ಉಳಿಯುತ್ತೆ.' ಹಾಗೇ ಮಾಡಿದೆವು. ಸಂಜೆ ಮನೆಗೆ ತಂದು ಬೋನಿನ ಬಾಗಿಲು ತೆಗೆದರೆ, ಮಂಪರು ಪೂರ್ತಿ ಇಳಿಯುವ ಮೊದಲೇ ನಾಲ್ಕು ಕಾಲೂ ಊರಿಕೊಂಡು ಊಟದ ತಟ್ಟೆಯ ಕಡೆ ನಡೆದಳು.